ಎಂಜಿಬಿಯ ಮುಂದಿನ ಸಸ್ಪೆನ್ಷನ್: ಯಾವುದು ತಿರುಗಬೇಕು, ಯಾವುದು ಅಲ್ಲಾಡಬಾರದು

ಹಳೆಯ ಸ್ಪೋರ್ಟ್ಸ್ ಕಾರಿನ ಮುಂದಿನ ಸಸ್ಪೆನ್ಷನ್‌ಗೆ ಕೈ ಹಾಕಲು ಬಹಳ ಜನ ಹೆದರುತ್ತಾರೆ. ಎಂಜಿನ್ ಬಿಚ್ಚಿ ಹರಡಿಕೊಂಡು ಕೂರುವವರೂ ಇದನ್ನು ಮಾತ್ರ ಬೇರೆಯವರ ಕೈಗೆ ಕೊಡುತ್ತಾರೆ. ಒಳಗಿರುವ ಸ್ಪ್ರಿಂಗ್ ವಿಷಯದಲ್ಲಿ ಆ ಹೆದರಿಕೆ ಇರಲೇಬೇಕು. ಉಳಿದ ಕೆಲಸಕ್ಕೆ ಹೆದರಬೇಕಾಗಿಲ್ಲ. ಪ್ರತಿ ಜಾಯಿಂಟ್ ಹತ್ತಿರ ನಿಂತು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ತಿರುಗಬೇಕಾದ್ದು ಯಾವುದು, ಗಟ್ಟಿಯಾಗಿ ನಿಲ್ಲಬೇಕಾದ್ದು ಯಾವುದು? ಇದಕ್ಕೆ ಉತ್ತರ ಗೊತ್ತಿದ್ದರೆ ಏನನ್ನು ಬದಲಾಯಿಸಬೇಕು, ಯಾವ ನಟ್ಟನ್ನು ಎಷ್ಟು ಬಿಗಿಯಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಉದಾಹರಣೆಗೆ ಎಂಜಿಬಿ ಕಾರನ್ನು ತೆಗೆದುಕೊಳ್ಳೋಣ. ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ, ಎಂಜಿ ಕಂಪನಿಯ ಸ್ಪೋರ್ಟ್ಸ್ ಕಾರು ಇದು. 5 ಲಕ್ಷಕ್ಕೂ ಜಾಸ್ತಿ ಕಾರುಗಳು ಹೊರಬಂದವು. ಹಾಗಾಗಿ ಇವತ್ತಿಗೂ ಇದರ ಬಿಡಿಭಾಗಗಳು ಧಾರಾಳವಾಗಿ ಸಿಗುತ್ತವೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಕಾರು ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಇದರ ಮುಂದಿನ ಸಸ್ಪೆನ್ಷನ್‌ನ ವಿನ್ಯಾಸ ಕಾರಿಗಿಂತಲೂ ಹಳೆಯದು. ಮುಂದೆ ಮಿನಿ ಕಾರಿನಿಂದ ಹೆಸರಾದ ಅಲೆಕ್ ಇಸಿಗೋನಿಸ್ ಮತ್ತು ಅವರ ಜೊತೆಗಾರ ಜ್ಯಾಕ್ ಡೇನಿಯಲ್ಸ್ ಇದರ ಮೂಲ ರೂಪವನ್ನು ಎರಡನೇ ಮಹಾಯುದ್ಧಕ್ಕೂ ಮೊದಲೇ ಯೋಚಿಸಿದ್ದರು. ಅದು ಜನರ ಕೈಗೆ ಬಂದದ್ದು 1947ರ ಎಂಜಿ ವೈ ಟೈಪ್ ಕಾರಿನಲ್ಲಿ. ಆಮೇಲೆ ಅದೇ ಕಂಪನಿಯ ಟಿಡಿ, ಟಿಎಫ್, ಎಂಜಿಎ ಕಾರುಗಳ ಮೂಲಕ ಸ್ವಲ್ಪ ಸ್ವಲ್ಪ ಬದಲಾಗುತ್ತಾ ಎಂಜಿಬಿಗೆ ಬಂತು. ಯುದ್ಧಕ್ಕೆ ಮೊದಲಿನ ಒಂದು ಆಲೋಚನೆ 1980ರವರೆಗೂ ರಸ್ತೆಯಲ್ಲಿ ಓಡಿತು ಅಂದರೆ ಅದರಲ್ಲಿ ಸತ್ವ ಇತ್ತು ಅಂತ ತಾನೇ ಅರ್ಥ?

ಏನೇನು ಎಲ್ಲಿದೆ

ಎಂಜಿನ್ ಕೆಳಗೆ ಅಡ್ಡವಾಗಿ ದಪ್ಪನೆಯ ಉಕ್ಕಿನ ಕ್ರಾಸ್ ಮೆಂಬರ್ ಇದೆ. ನಾಲ್ಕು ಉದ್ದನೆಯ ಬೋಲ್ಟುಗಳು ರಬ್ಬರ್ ಪ್ಯಾಡುಗಳ ಸಮೇತ ಅದನ್ನು ಬಾಡಿಗೆ ಕಚ್ಚಿಸಿವೆ. ಸಸ್ಪೆನ್ಷನ್ ಪೂರ್ತಿ ಕೂತಿರುವುದು ಇದರ ಮೇಲೆ. ಸ್ಟೀರಿಂಗ್ ರ‍್ಯಾಕ್ ಕೂಡ ಇದಕ್ಕೇ ಸೇರಿದೆ.

ಕ್ರಾಸ್ ಮೆಂಬರ್‌ನ ಎರಡೂ ತುದಿಯಲ್ಲಿ ಕೆಳಗಡೆ ವಿಶ್‌ಬೋನ್ ಇದೆ. ಚಕ್ರವನ್ನು ಹಿಡಿದು ಅದರ ಜೊತೆ ಮೇಲೆ ಕೆಳಗೆ ಆಡುವ ಕವಲು ಕೈ ಇದು. ಒಂದೇ ತುಂಡಲ್ಲ. ಮುಂದೊಂದು ಆರ್ಮ್, ಹಿಂದೊಂದು ಆರ್ಮ್, ನಡುವೆ ಎರಡನ್ನೂ ಸೇರಿಸುವ ಸ್ಪ್ರಿಂಗ್ ಪ್ಯಾನ್. ಕಾಯಿಲ್ ಸ್ಪ್ರಿಂಗ್ ಈ ಪ್ಯಾನ್ ಮೇಲೆ ನಿಂತು ಕ್ರಾಸ್ ಮೆಂಬರ್‌ಗೆ ಒತ್ತುತ್ತದೆ.

ಮೇಲಿನ ಆರ್ಮ್‌ನಲ್ಲಿ ಈ ವಿನ್ಯಾಸದ ಜಾಣ್ಮೆ ಕಾಣುತ್ತದೆ. ಎಂಜಿಬಿಯಲ್ಲಿ ಉದ್ದನೆಯ ಟೆಲಿಸ್ಕೋಪಿಕ್ ಶಾಕ್ ಅಬ್ಸಾರ್ಬರ್ ಇಲ್ಲ. ಆರ್ಮ್‌ಸ್ಟ್ರಾಂಗ್ ಕಂಪನಿಯ ಲಿವರ್ ಆರ್ಮ್ ಡ್ಯಾಂಪರ್ ಇದೆ. ಎಣ್ಣೆ ತುಂಬಿದ ಒಂದು ಎರಕದ ಪೆಟ್ಟಿಗೆ, ಒಳಗೆ ಪಿಸ್ಟನ್‌ಗಳು, ಹೊರಗೆ ಎರಡು ಕವಲಿನ ಕೈ. ಚಕ್ರ ಮೇಲೆ ಕೆಳಗೆ ಆದಾಗ ಈ ಕೈ ಶಾಫ್ಟನ್ನು ತಿರುಗಿಸುತ್ತದೆ. ಪಿಸ್ಟನ್ ಎಣ್ಣೆಯನ್ನು ಸಣ್ಣ ವಾಲ್ವಿನ ಮೂಲಕ ತಳ್ಳುತ್ತದೆ. ಕುಲುಕಾಟ ಅಡಗುತ್ತದೆ. ಅದೇ ಕೈ ಮೇಲಿನ ವಿಶ್‌ಬೋನ್ ಆಗಿಯೂ ಕೆಲಸ ಮಾಡುತ್ತದೆ. ಒಂದು ಭಾಗಕ್ಕೆ ಎರಡು ಕೆಲಸ. ಇದರಿಂದಾಗಿ ಡ್ಯಾಂಪರಿನ ಶಾಫ್ಟ್ ಸವೆದರೆ ಕಾರು ಕುಲುಕುವುದಷ್ಟೇ ಅಲ್ಲ, ಚಕ್ರದ ನಿಲುವೇ ಬದಲಾಗುತ್ತದೆ.

ಮೇಲಿನ ಕೈ ಮತ್ತು ಕೆಳಗಿನ ವಿಶ್‌ಬೋನ್ ನಡುವೆ ನೆಟ್ಟಗೆ ನಿಂತಿರುವುದು ಕಿಂಗ್‌ಪಿನ್. ಚಕ್ರದ ಹಬ್ ಕೂರುವ ಗಿಡ್ಡ ಆಕ್ಸಲ್, ಅಂದರೆ ಸ್ಟಬ್ ಆಕ್ಸಲ್, ಇದರ ಸುತ್ತ ತಿರುಗುತ್ತದೆ. ಬಾಗಿಲಿನ ಕೀಲನ್ನು ನೆನೆಸಿಕೊಳ್ಳಿ. ಕಿಂಗ್‌ಪಿನ್ ಅಂದರೆ ಕೀಲಿನ ನಡುವಿನ ಕಡ್ಡಿ, ಸ್ಟಬ್ ಆಕ್ಸಲ್ ಅಂದರೆ ಬಾಗಿಲು. ನಮ್ಮಲ್ಲಿ ಲಾರಿ ಕೆಲಸ ಮಾಡುವವರಿಗೆ ಇದು ಹೊಸದೇನಲ್ಲ. ಲಾರಿಗಳ ಮುಂದಿನ ಆಕ್ಸಲ್‌ನಲ್ಲಿ ಕಿಂಗ್‌ಪಿನ್ ಈಗಲೂ ಇದೆ, ಬುಷ್ (ತೂತಿನೊಳಗೆ ಕೂರುವ ಕೊಳವೆ) ಹೊಡೆದು ರೀಮರ್ (ತೂತನ್ನು ಸರಿಯಾದ ಅಳತೆಗೆ ಕೊರೆಯುವ ಉಪಕರಣ) ಹಾಕುವ ಕೆಲಸ ಈಗಲೂ ನಡೆಯುತ್ತದೆ.

ಬಿಚ್ಚುವ ಮೊದಲು ಪರೀಕ್ಷೆ

ಪ್ಲೇ, ಅಂದರೆ ಸವೆತದಿಂದ ಬಂದ ಸಡಿಲಾಟ, ಎಲ್ಲಿದೆ ಅಂತ ಕಾರು ಇಡಿಯಾಗಿರುವಾಗಲೇ ತಿಳಿದುಕೊಳ್ಳಬೇಕು. ಎಲ್ಲ ಬಿಚ್ಚಿ ಬೆಂಚಿನ ಮೇಲೆ ಇಟ್ಟ ಮೇಲೆ ಅದು ಸುಲಭವಾಗಿ ಗೊತ್ತಾಗುವುದಿಲ್ಲ.

ಜಾಕನ್ನು ಸ್ಪ್ರಿಂಗ್ ಪ್ಯಾನ್ ಕೆಳಗೆ ಕೊಟ್ಟು ಚಕ್ರ ನೆಲ ಬಿಡುವಷ್ಟು ಮಾತ್ರ ಎತ್ತಿ. ಬಾಡಿಯನ್ನು ಎತ್ತಿದರೆ ಚಕ್ರ ಜೋತುಬಿದ್ದು, ಸ್ಪ್ರಿಂಗ್‌ನ ಒತ್ತಡ ಕಿಂಗ್‌ಪಿನ್ ಜಾಯಿಂಟುಗಳನ್ನು ಬಿಗಿಯಾಗಿ ಹಿಡಿದುಬಿಡುತ್ತದೆ. ಆಗ ಸವೆತ ಅಡಗಿಕೊಳ್ಳುತ್ತದೆ. ಜಾಕ್ ಪ್ಯಾನ್ ಕೆಳಗಿದ್ದರೆ ಕಾರಿನ ಭಾರವೇ ಸ್ಪ್ರಿಂಗನ್ನು ಒತ್ತಿ ಹಿಡಿಯುತ್ತದೆ, ಜಾಯಿಂಟುಗಳು ಸಡಿಲವಾಗುತ್ತವೆ. ಹುಷಾರಿಗೆ ಬಾಡಿಯ ಕೆಳಗೆ ಸ್ಟ್ಯಾಂಡ್ ಇರಲಿ.

ಈಗ ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಟಕ್ ಅಂತ ಆಡಿದರೆ ಒಬ್ಬರನ್ನು ಒಳಗೆ ಕೂರಿಸಿ ಬ್ರೇಕ್ ತುಳಿಯಲು ಹೇಳಿ. ಮತ್ತೆ ಅಲ್ಲಾಡಿಸಿ. ಬ್ರೇಕ್ ಹಿಡಿದಾಗ ಡಿಸ್ಕು, ಹಬ್ಬು, ಸ್ಟಬ್ ಆಕ್ಸಲ್ ಎಲ್ಲ ಒಂದೇ ಗಟ್ಟಿ ತುಂಡಾಗುತ್ತವೆ. ಅಲ್ಲಾಟ ನಿಂತುಹೋದರೆ ತೊಂದರೆ ವೀಲ್ ಬೇರಿಂಗ್‌ನದು. ಇನ್ನೂ ಆಡುತ್ತಿದ್ದರೆ ಕಿಂಗ್‌ಪಿನ್ ಅಥವಾ ಅದರ ಕೆಳಗಿನ ಜಾಯಿಂಟು. ಯಾವುದು ಅಂತ ತಿಳಿಯಲು ಬೆರಳನ್ನು ಆಯಾ ಜಾಯಿಂಟಿನ ಸಂದಿಗೆ ಇಟ್ಟು ಇನ್ನೊಬ್ಬರಿಂದ ಚಕ್ರ ಆಡಿಸಿ. ಕಣ್ಣಿಗೆ ಕಾಣದ್ದು ಬೆರಳಿಗೆ ಗೊತ್ತಾಗುತ್ತದೆ. ಆಮೇಲೆ ಎಡಬಲ ಹಿಡಿದು ಆಡಿಸಿ. ಅಲ್ಲಿ ಸಿಕ್ಕುವ ಪ್ಲೇ ಟೈ ರಾಡ್ (ಸ್ಟೀರಿಂಗನ್ನು ಚಕ್ರಕ್ಕೆ ಸೇರಿಸುವ ಸರಳು) ತುದಿಯದು ಅಥವಾ ರ‍್ಯಾಕಿನದು.

ಡ್ಯಾಂಪರ್ ಮೈಮೇಲೆ ಎಣ್ಣೆಯ ಜಿಡ್ಡು ಇದೆಯಾ ನೋಡಿ. ಶಾಫ್ಟ್ ಹೊರಬರುವ ಜಾಗದಲ್ಲಿ ಒದ್ದೆ ಇದ್ದರೆ ಸೀಲ್ ಹೋಗಿದೆ ಅಂತಲೇ ಲೆಕ್ಕ.

ಸ್ಪ್ರಿಂಗ್ ಇಳಿಸುವುದು

ಈ ಕೆಲಸದಲ್ಲಿ ಪ್ರಾಣಕ್ಕೆ ಅಪಾಯ ಇರುವ ಹಂತ ಇದೊಂದೇ. ಒತ್ತಿ ಹಿಡಿದ ಸ್ಪ್ರಿಂಗ್ ತಪ್ಪಿಸಿಕೊಂಡರೆ ಅದರ ಮುಂದೆ ಯಾರೂ ನಿಲ್ಲಲಾಗದು. ಹಾಗಾಗಿ ಅವಸರ ಬೇಡವೇ ಬೇಡ.

ಬಾಡಿಯನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಿ. ಚಕ್ರ, ಕ್ಯಾಲಿಪರ್, ಹಬ್ಬು ತೆಗೆಯಿರಿ. ಕ್ಯಾಲಿಪರನ್ನು ಅದರ ಬ್ರೇಕ್ ಹೋಸ್‌ನಿಂದ ತೂಗುಬಿಡಬೇಡಿ, ತಂತಿ ಕಟ್ಟಿ ಮೇಲೆ ಸಿಕ್ಕಿಸಿ. ಆ ಕಾಲದ ಬ್ರೇಕ್ ಪ್ಯಾಡುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅಲ್ಲಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಟೈ ರಾಡ್ ತುದಿಯನ್ನು ಸ್ಟೀರಿಂಗ್ ಆರ್ಮ್‌ನಿಂದ ಬಿಡಿಸಿ. ಆಂಟಿ ರೋಲ್ ಬಾರ್ ಇದ್ದರೆ ಅದರ ಲಿಂಕನ್ನೂ ಬಿಡಿಸಿ. ಒಂದು ಒಳ್ಳೆಯ ಟ್ರಾಲಿ ಜಾಕನ್ನು ಸ್ಪ್ರಿಂಗ್ ಪ್ಯಾನ್ ಕೆಳಗೆ ಕೊಟ್ಟು, ಡ್ಯಾಂಪರಿನ ಕೈ ಅದರ ರಬ್ಬರ್ ತಡೆಯಿಂದ ಮೇಲೇಳುವಷ್ಟು ಎತ್ತಿ. ಈಗ ಸ್ಪ್ರಿಂಗ್ ಜಾಕಿನ ಹಿಡಿತದಲ್ಲಿದೆ. ಆಮೇಲೆ ಮೇಲಿನ ಟ್ರನಿಯನ್ (ಕಿಂಗ್‌ಪಿನ್ ತುದಿಯನ್ನು ಡ್ಯಾಂಪರಿನ ಕೈಗೆ ಸೇರಿಸುವ ತುಂಡು) ಬೋಲ್ಟ್ ಹೊರಗೆ ತೆಗೆಯಬಹುದು. ಡ್ಯಾಂಪರಿನ ಕೈ ಮತ್ತು ಕಿಂಗ್‌ಪಿನ್ ಬೇರೆಯಾಗುತ್ತವೆ. ಆಮೇಲೆ ಜಾಕನ್ನು ನಿಧಾನವಾಗಿ, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಇಳಿಸುತ್ತಾ ಬನ್ನಿ. ಸ್ಪ್ರಿಂಗ್ ಪೂರ್ತಿ ಸಡಿಲವಾಗಿ ಕೈಗೆ ಬರುತ್ತದೆ. ಎಂಜಿನ್ ಹೊರಗಿದ್ದರೆ ಈ ವಿಧಾನ ಬೇಡ. ಕಾರಿನ ಮುಂಭಾಗದಲ್ಲಿ ಭಾರ ಸಾಲದೆ ಜಾಕ್ ಬಾಡಿಯನ್ನೇ ಎತ್ತಿಬಿಡಬಹುದು. ಆಗ ಸ್ಪ್ರಿಂಗ್ ಪ್ಯಾನಿನ ಬೋಲ್ಟುಗಳ ಜಾಗದಲ್ಲಿ ಉದ್ದನೆಯ ಗಟ್ಟಿ ಬೋಲ್ಟುಗಳನ್ನು ಹಾಕಿ, ನಟ್ಟುಗಳನ್ನು ಸಮಸಮನಾಗಿ ಸಡಿಲಿಸುತ್ತಾ ಪ್ಯಾನನ್ನು ಇಳಿಸುವುದು ಒಳ್ಳೆಯದು.

ಎರಡೂ ಸ್ಪ್ರಿಂಗುಗಳನ್ನು ಪಕ್ಕಪಕ್ಕ ನಿಲ್ಲಿಸಿ ಎತ್ತರ ನೋಡಿ. ಹೆಚ್ಚು ಕಡಿಮೆ ಇದ್ದರೆ ಜೋಡಿಯಾಗಿಯೇ ಬದಲಾಯಿಸಿ. ಒಂದನ್ನೇ ಬದಲಾಯಿಸಿದರೆ ಕಾರು ಒಂದು ಕಡೆ ವಾಲುತ್ತದೆ.

ಕ್ರಾಸ್ ಮೆಂಬರನ್ನೇ ಪೂರ್ತಿ ಇಳಿಸುವುದಾದರೆ ಇನ್ನೊಂದು ಮಾತು. ರ‍್ಯಾಕ್ ಕೂತಿರುವ ಜಾಗದಲ್ಲಿ ತೆಳು ಶಿಮ್‌ಗಳು, ಅಂದರೆ ಸಂದಿ ತುಂಬುವ ಲೋಹದ ಹಾಳೆ ತುಂಡುಗಳು, ಇರಬಹುದು. ರ‍್ಯಾಕಿನ ಶಾಫ್ಟ್ ಮತ್ತು ಸ್ಟೀರಿಂಗ್ ಕಾಲಂ ಸರಿಯಾಗಿ ಎದುರುಬದುರು ಬರಲೆಂದು ಕಾರ್ಖಾನೆಯಲ್ಲಿ ಹಾಕಿದ್ದವು ಅವು. ಯಾವುದು ಎಲ್ಲಿತ್ತು ಅಂತ ಬರೆದಿಟ್ಟುಕೊಂಡು ಅಲ್ಲಿಗೇ ಹಾಕಿ.

ಕಿಂಗ್‌ಪಿನ್, ಅದರ ಬುಷ್, ಮತ್ತು ಕೆಳಗಿನ ಟ್ಯೂಬು

ಕಿಂಗ್‌ಪಿನ್ ನಿಲ್ಲುತ್ತದೆ, ಸ್ಟಬ್ ಆಕ್ಸಲ್ ತಿರುಗುತ್ತದೆ. ಸ್ಟಬ್ ಆಕ್ಸಲ್ ಒಳಗೆ ಮೇಲೊಂದು, ಕೆಳಗೊಂದು ಕಂಚಿನ ಬುಷ್ ಇವೆ. ಕಿಂಗ್‌ಪಿನ್ ಮೇಲೆ ಸಣ್ಣ, ಕೆಳಗೆ ದಪ್ಪ. ಹಾಗಾಗಿ ಬುಷ್‌ಗಳ ಅಳತೆಯೂ ಬೇರೆ ಬೇರೆ. ಹಳೇ ಬುಷ್ ಹೊರಗೆ ಹೊಡೆದು, ಹೊಸದನ್ನು ಪ್ರೆಸ್ ಮಾಡಿ ಕೂರಿಸಬೇಕು. ಕೂರಿಸುವಾಗ ಬುಷ್‌ನ ತೂತು ಗ್ರೀಸ್ ನಿಪ್ಪಲ್ (ಗ್ರೀಸ್ ಗನ್ ಹಚ್ಚುವ ಸಣ್ಣ ಮೂತಿ) ದಾರಿಗೆ ಸರಿಯಾಗಿ ಬರಬೇಕು. ಸ್ವಲ್ಪ ತಿರುಗಿ ಕೂತರೂ ಗ್ರೀಸ್ ಒಳಗೆ ಹೋಗುವುದಿಲ್ಲ. ಹೊಸ ಬುಷ್ ಒಣಗಿಯೇ ಸಾಯುತ್ತದೆ.

ಪ್ರೆಸ್ ಮಾಡಿದ ಬುಷ್ ಸ್ವಲ್ಪ ಕುಗ್ಗುತ್ತದೆ. ಅದಕ್ಕೆ ರೀಮರ್ ಬೇಕು. ಇಲ್ಲಿ ಸಾಧಾರಣ ರೀಮರ್ ಸಾಲದು. ಎರಡೂ ಬುಷ್‌ಗಳು ಒಂದೇ ಗೆರೆಯಲ್ಲಿ ಬರಬೇಕು. ಒಂದು ಬುಷ್ ಒಳಗೆ ಪೈಲಟ್ ದಾರಿ ಹಿಡಿದು ಇನ್ನೊಂದನ್ನು ಕೊರೆಯುವ ಉದ್ದನೆಯ ರೀಮರ್ ಇರುತ್ತದೆ, ಅದೇ ಬೇಕು. ಗೆರೆ ತಪ್ಪಿದರೆ ಪ್ರತಿ ಬುಷ್ ಬೇರೆಬೇರೆಯಾಗಿ ನೋಡಿದಾಗ ಸರಿಯಾಗಿಯೇ ಇರುತ್ತದೆ, ಪಿನ್ ಹಾಕಿದಾಗ ಮಾತ್ರ ಹಿಡಿದುಕೊಳ್ಳುತ್ತದೆ. ಆ ರೀಮರ್ ಸಿಗದಿದ್ದರೆ ಬುಷ್ ಹಾಕಿ ರೀಮ್ ಮಾಡಿದ ಸೆಟ್ ಕೊಳ್ಳುವುದೇ ವಾಸಿ. ಈ ಕೆಲಸವನ್ನು ಎಮರಿ ಕಾಗದದಲ್ಲಿ ತಿಕ್ಕಿ ಮುಗಿಸುವುದನ್ನು ನಾನು ಒಪ್ಪುವುದಿಲ್ಲ. ಕಾರಿನ ಸ್ಟೀರಿಂಗ್ ಇರುವುದೇ ಈ ಎರಡು ಬುಷ್‌ಗಳ ಮೇಲೆ.

ಸ್ಟಬ್ ಆಕ್ಸಲ್ ಕಿಂಗ್‌ಪಿನ್ ಮೇಲೆ ಮೇಲೆ ಕೆಳಗೆ ಜಾರಬಾರದು. ಅದಕ್ಕೆ ಮೇಲ್ಗಡೆ ಥ್ರಸ್ಟ್ ವಾಷರ್ ಇವೆ. ಬೇರೆಬೇರೆ ದಪ್ಪದಲ್ಲಿ ಸಿಗುತ್ತವೆ. ಮೇಲಿನ ನಟ್ಟನ್ನು ಬಿಗಿದಾಗ ಸ್ಟಬ್ ಆಕ್ಸಲ್ ಕೈಯಲ್ಲಿ ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಆಡುವುದು ಗೊತ್ತಾಗಬಾರದು. ಅಂಥ ದಪ್ಪದ ವಾಷರ್ ಸಿಗುವವರೆಗೆ ಹಾಕಿ ತೆಗೆದು ನೋಡಬೇಕು. ಇದಕ್ಕೆ ತಾಳ್ಮೆ ಬೇಕು, ಬೇರೆ ದಾರಿ ಇಲ್ಲ. ಧೂಳು ತಡೆಯುವ ಎರಡು ಟ್ಯೂಬು, ನಡುವಿನ ಸಣ್ಣ ಸ್ಪ್ರಿಂಗ್ ಹಾಕುವುದನ್ನು ಮರೆಯಬೇಡಿ.

ಕಿಂಗ್‌ಪಿನ್‌ನ ಕೆಳತುದಿಯಲ್ಲಿ ಒಂದು ಕಣ್ಣು ಇದೆ. ಅದರೊಳಗೆ ಬುಷ್. ಬುಷ್ ಒಳಗೆ ಒಂದು ಉಕ್ಕಿನ ಡಿಸ್ಟೆನ್ಸ್ ಟ್ಯೂಬು. ಟ್ಯೂಬಿನ ಒಳಗಿಂದ ಉದ್ದ ಬೋಲ್ಟ್ ಹೋಗಿ ಎರಡೂ ವಿಶ್‌ಬೋನ್ ಆರ್ಮ್‌ಗಳನ್ನು ಬಿಗಿಯುತ್ತದೆ. ಹಳೇ ಎಂಜಿಬಿಗಳಲ್ಲಿ ಅತಿ ಹೆಚ್ಚು ಹಾಳಾಗಿರುವ ಜಾಯಿಂಟ್ ಸಾಮಾನ್ಯವಾಗಿ ಇದೇ.

ಇಲ್ಲಿ ನಮ್ಮ ಪ್ರಶ್ನೆ ಕೇಳೋಣ. ಬೋಲ್ಟ್ ಬಿಗಿದಾಗ ಟ್ಯೂಬು ಎರಡು ಆರ್ಮ್‌ಗಳ ನಡುವೆ ಗಟ್ಟಿಯಾಗಿ ಸಿಕ್ಕಿಕೊಳ್ಳಬೇಕು. ಆರ್ಮ್, ಟ್ಯೂಬು, ಬೋಲ್ಟು ಮೂರೂ ಒಂದೇ. ತಿರುಗುವುದು ಕಿಂಗ್‌ಪಿನ್‌ನ ಕಣ್ಣು ಮಾತ್ರ, ಟ್ಯೂಬಿನ ಮೇಲೆ. ಅದಕ್ಕೇ ಟ್ಯೂಬು ಕಣ್ಣಿಗಿಂತ ಒಂದು ಚೂರು ಉದ್ದ ಇರುತ್ತದೆ. ಬೋಲ್ಟ್ ಎಷ್ಟು ಬಿಗಿದರೂ ಕಣ್ಣು ಸಿಕ್ಕಿಕೊಳ್ಳುವುದಿಲ್ಲ.

ಈಗ ಗ್ರೀಸ್ ಕಾಣದ ಕಾರನ್ನು ಯೋಚಿಸಿ. ನೀರು ಸೇರಿ, ತುಕ್ಕು ಹಿಡಿದು, ಟ್ಯೂಬು ಬುಷ್‌ಗೆ ಕಚ್ಚಿಕೊಳ್ಳುತ್ತದೆ. ಆದರೆ ಚಕ್ರ ಮೇಲೆ ಕೆಳಗೆ ಆಗಲೇಬೇಕಲ್ಲ? ತಿರುಗಬೇಕಾದ ಜಾಗ ತಿರುಗದೆ ಹೋದಾಗ, ತಿರುಗಬಾರದ ಜಾಗ ತಿರುಗಲು ಶುರುವಾಗುತ್ತದೆ. ಟ್ಯೂಬು ಆರ್ಮ್‌ಗಳ ನಡುವೆ ಉಜ್ಜುತ್ತದೆ. ಬೋಲ್ಟ್ ತೂತುಗಳು ಮೊಟ್ಟೆ ಆಕಾರಕ್ಕೆ ತಿರುಗುತ್ತವೆ. ಹಾಗಾಗಿ ಹೊಸ ಕಿಂಗ್‌ಪಿನ್ ಸೆಟ್ ಹಾಕುವವರು ವಿಶ್‌ಬೋನ್ ತುದಿಯ ತೂತುಗಳನ್ನು ಚೊಕ್ಕಟ ಮಾಡಿ ನೋಡಲೇಬೇಕು. ಸವೆದ ಆರ್ಮ್‌ಗೆ ಹೊಸ ಪಿನ್ ಹಾಕಿದರೆ ದುಡ್ಡು ದಂಡ.

ಬಿಚ್ಚುವಾಗಲೂ ಇದೇ ಬೋಲ್ಟ್ ಸತಾಯಿಸುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ, ಶಾಖ ಕೊಡಿ. ಆಗಲೂ ಬರದಿದ್ದರೆ ಎರಡೂ ಕಡೆ ಕೊಯ್ದು ತೆಗೆಯಿರಿ. ಸುತ್ತಿಗೆಯಲ್ಲಿ ಬಡಿದು ಒಳ್ಳೆಯ ಆರ್ಮ್ ಬಗ್ಗಿಸಿಕೊಳ್ಳುವುದಕ್ಕಿಂತ ಒಂದು ಬೋಲ್ಟ್ ಕಳೆದುಕೊಳ್ಳುವುದು ಮೇಲು.

ರಬ್ಬರ್ ಬುಷ್: ಇಲ್ಲಿ ಏನೂ ಜಾರುವುದಿಲ್ಲ

ವಿಶ್‌ಬೋನ್‌ನ ಒಳತುದಿ ಕ್ರಾಸ್ ಮೆಂಬರ್‌ಗೆ ಸೇರುವ ಜಾಗದಲ್ಲಿ ರಬ್ಬರ್ ಬುಷ್ ಇದೆ. ಕಂಚಿನ ಬುಷ್‌ನಲ್ಲಿ ಒಂದು ಲೋಹ ಇನ್ನೊಂದರ ಮೇಲೆ ಜಾರುತ್ತದೆ. ರಬ್ಬರ್ ಬುಷ್‌ನಲ್ಲಿ ಹಾಗಲ್ಲ. ರಬ್ಬರ್ ಒಳಗೂ ಹಿಡಿದಿರುತ್ತದೆ, ಹೊರಗೂ ಹಿಡಿದಿರುತ್ತದೆ. ಆರ್ಮ್ ಆಡಿದಾಗ ನಡುವಿನ ರಬ್ಬರ್ ತಿರುಚಿಕೊಂಡು, ಮತ್ತೆ ಮೊದಲಿನ ಸ್ಥಿತಿಗೆ ಬರುತ್ತದೆ.

ಇದನ್ನು ತಿಳಿದರೆ ಒಂದು ನಿಯಮದ ಕಾರಣ ಗೊತ್ತಾಗುತ್ತದೆ: ರಬ್ಬರ್ ಬುಷ್‌ನ ನಟ್ಟನ್ನು ಕೊನೆಯದಾಗಿ ಬಿಗಿಯಬೇಕಾದ್ದು ಕಾರು ತನ್ನ ಚಕ್ರಗಳ ಮೇಲೆ ನಿಂತಾಗ. ಚಕ್ರ ಜೋತುಬಿದ್ದಿರುವಾಗ ಬಿಗಿದರೆ ರಬ್ಬರಿಗೆ ಅದೇ ಸಹಜ ಸ್ಥಿತಿ ಆಗುತ್ತದೆ. ಕಾರು ನೆಲಕ್ಕಿಳಿದ ಕ್ಷಣದಿಂದ ಅದು ಸದಾ ತಿರುಚಿಕೊಂಡೇ ಇರುತ್ತದೆ. ಮುಂಭಾಗ ಇರಬೇಕಾದ್ದಕ್ಕಿಂತ ಎತ್ತರಕ್ಕೆ ನಿಲ್ಲುತ್ತದೆ, ಹೊಸ ಬುಷ್ ಬೇಗ ಹರಿಯುತ್ತದೆ.

ಮೂಲ ಬುಷ್‌ಗಳಿಗಿಂತ ಎಂಜಿಬಿ ಜಿಟಿ ವಿ8ರ ಬುಷ್‌ಗಳು ಗಟ್ಟಿ. ಆ ಕಾರು ತಯಾರಾದದ್ದು 1973ರಿಂದ 1976ರವರೆಗೆ. ಉಕ್ಕಿನ ಕೊಳವೆಯೊಳಗೆ ರಬ್ಬರ್ ಅಂಟಿಸಿದ ಒಂದೇ ತುಂಡಿನ ಬುಷ್ ಅದು, ಸಾಧಾರಣ ಎಂಜಿಬಿಗೂ ಕೂರುತ್ತದೆ. ಪಾಲಿಯುರಿಥೇನ್ ಬುಷ್‌ಗಳೂ ಸಿಗುತ್ತವೆ. ರೇಸಿಗೆ ಹೋಗುವವರಿಗೆ ಅವು ಸರಿ. ರಸ್ತೆಯಲ್ಲಿ ಓಡಿಸುವ ಕಾರಿಗೆ ನಾನು ವಿ8 ಬುಷ್‌ಗಳನ್ನೇ ಹೇಳುತ್ತೇನೆ. ಸ್ಟೀರಿಂಗ್ ಬಿಗಿಯಾಗುತ್ತದೆ, ಸವಾರಿ ಒರಟಾಗುವುದಿಲ್ಲ.

ಡ್ಯಾಂಪರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಣ್ಣೆ ಸೋರುತ್ತಿದ್ದರೆ ಸುಮ್ನೆ ತುಂಬಿಸುತ್ತಾ ಹೋಗುವುದರಲ್ಲಿ ಅರ್ಥವಿಲ್ಲ. ಶಾಫ್ಟಿಗೆ ಹೊಸ ಬುಷ್, ಹೊಸ ಸೀಲ್ ಹಾಕಿ ರಿಪೇರಿ ಮಾಡಿದ್ದನ್ನೇ ತನ್ನಿ. ಕೂರಿಸುವ ಮೊದಲು ಅದನ್ನು ವೈಸ್‌ನಲ್ಲಿ ನೆಟ್ಟಗೆ ಹಿಡಿದು ಕೈಯನ್ನು ಮೇಲೆ ಕೆಳಗೆ ಪೂರ್ತಿ ಆಡಿಸಿ. ಶುರುವಿನಲ್ಲಿ ಒಳಗಿನ ಗಾಳಿಯಿಂದ ಸಡಿಲ ಅನಿಸುತ್ತದೆ. ಗಾಳಿ ಹೋದ ಮೇಲೆ ಒಂದೇ ಸಮನೆ ಭಾರ ಸಿಗಬೇಕು. ಟೆಲಿಸ್ಕೋಪಿಕ್ ಶಾಕ್ ಅಬ್ಸಾರ್ಬರ್ ಕಿಟ್ ಹಾಕಲು ಹೊರಟವರು ಒಂದು ವಿಷಯ ನೆನಪಿಡಬೇಕು: ಮೇಲಿನ ವಿಶ್‌ಬೋನ್ ಇದೇ ಆಗಿರುವುದರಿಂದ, ಬೇರೆ ಮೇಲಾರ್ಮ್ ಕೊಡದ ಕಿಟ್‌ನಲ್ಲಿ ಹಳೇ ಡ್ಯಾಂಪರ್ ಅಲ್ಲೇ ಉಳಿಯುತ್ತದೆ. ಅದರ ಶಾಫ್ಟ್ ಸವೆದಿದ್ದರೆ ಕಿಟ್‌ನಿಂದ ಅದು ಸರಿಹೋಗುವುದಿಲ್ಲ.

ವೀಲ್ ಬೇರಿಂಗ್‌ನ ಸ್ಪೇಸರ್

ಹಬ್ಬಿನೊಳಗೆ ಎರಡು ಟೇಪರ್ ರೋಲರ್ ಬೇರಿಂಗ್ ಇವೆ. ಬಹಳ ಕಾರುಗಳಲ್ಲಿ ಇಂಥ ಬೇರಿಂಗ್‌ಗೆ ನಟ್ಟನ್ನು ಬಿಗಿದು, ಸ್ವಲ್ಪ ಹಿಂದಕ್ಕೆ ಬಿಟ್ಟು, ಸ್ಪ್ಲಿಟ್ ಪಿನ್ ಹಾಕುತ್ತಾರೆ. ಎಂಜಿಬಿಯಲ್ಲಿ ಹಾಗೆ ಮಾಡಬಾರದು. ಇಲ್ಲಿ ಎರಡು ಬೇರಿಂಗ್‌ಗಳ ನಡುವೆ ಒಂದು ಉಕ್ಕಿನ ಸ್ಪೇಸರ್, ಅದರ ಜೊತೆ ತೆಳು ಶಿಮ್‌ಗಳು ಇವೆ. ನಟ್ಟನ್ನು 40ರಿಂದ 70 ಪೌಂಡ್-ಅಡಿ ಟಾರ್ಕಿಗೆ ಗಟ್ಟಿಯಾಗಿ ಬಿಗಿಯಬೇಕು. ಅಷ್ಟು ಬಿಗಿದ ಮೇಲೂ ಹಬ್ಬಿಗೆ ಒಂದು ಇಂಚಿನ ಸಾವಿರದಲ್ಲಿ 2ರಿಂದ 4 ಭಾಗದಷ್ಟು ಆಟ ಉಳಿಯಬೇಕು. ಆಟವನ್ನು ತೀರ್ಮಾನಿಸುವುದು ಶಿಮ್, ನಟ್ಟಲ್ಲ. ಡಯಲ್ ಗೇಜ್ ಇಟ್ಟು ಅಳೆಯಿರಿ. ಆಟ ಜಾಸ್ತಿ ಇದ್ದರೆ ಶಿಮ್ ಕಡಿಮೆ ಮಾಡಿ, ಹಿಡಿದುಕೊಂಡರೆ ಸೇರಿಸಿ.

ಇಷ್ಟೆಲ್ಲ ಯಾಕೆ ಅಂದರೆ, ನಟ್ಟು ಬಿಗಿದಾಗ ಬೇರಿಂಗ್‌ಗಳ ಒಳಬಳೆ, ಸ್ಪೇಸರ್, ಶಿಮ್, ಸ್ಟಬ್ ಆಕ್ಸಲ್ ಎಲ್ಲ ಸೇರಿ ಒಂದೇ ದಪ್ಪ ಕಂಬವಾಗುತ್ತವೆ. ತಿರುವಿನಲ್ಲಿ ಬಗ್ಗಿಸುವ ಬಲವನ್ನು ಈ ಪೂರ್ತಿ ಕಂಬ ತಡೆಯುತ್ತದೆ. ಸ್ಪೇಸರ್ ಕಿತ್ತು ಬಿಸಾಡಿದರೆ ಆ ಬಲವನ್ನೆಲ್ಲ ಸ್ಟಬ್ ಆಕ್ಸಲ್ ಒಂದೇ ಹೊರಬೇಕು. ಬಗ್ಗಿ ಬಗ್ಗಿ ಕೊನೆಗೆ ಬಿರುಕು ಬಿಡಬಹುದು. ಸೆಕೆಂಡ್ ಹ್ಯಾಂಡ್ ಎಂಜಿಬಿ ಕೊಂಡವರು ಹಬ್ ಬಿಚ್ಚಿ ಸ್ಪೇಸರ್ ಇದೆಯಾ ಅಂತ ನೋಡಿಕೊಳ್ಳಿ. ತಿಳಿಯದವರು ಕಿತ್ತುಹಾಕಿರುವುದು ಉಂಟು.

ಜೋಡಿಸಿದ ಮೇಲೆ

ಇಲ್ಲಿನ ಬೋಲ್ಟುಗಳೆಲ್ಲ ಇಂಚಿನ ಅಳತೆಯವು. ಮಿಲಿಮೀಟರ್ ಪಾನಾ ಹಾಕಿ ಮೂಲೆ ತಿರುಚಬೇಡಿ. ಸ್ಪ್ಲಿಟ್ ಪಿನ್, ನೈಲಾನ್ ನಟ್ಟು ಎಲ್ಲ ಹೊಸದೇ ಇರಲಿ.

ಕಾರನ್ನು ನೆಲಕ್ಕಿಳಿಸಿ, ಸ್ವಲ್ಪ ಹಿಂದೆ ಮುಂದೆ ತಳ್ಳಿ, ಮುಂಭಾಗವನ್ನು ಒತ್ತಿ ಬಿಟ್ಟು, ಸಸ್ಪೆನ್ಷನ್ ಕೂರಲು ಬಿಡಿ. ಆಮೇಲೆ ರಬ್ಬರ್ ಬುಷ್‌ಗಳ ನಟ್ಟು ಬಿಗಿಯಿರಿ. ಕೊನೆಗೆ ಅಲೈನ್‌ಮೆಂಟ್. ಎಂಜಿಬಿಯಲ್ಲಿ ನಮ್ಮ ಕೈಯಲ್ಲಿರುವುದು ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ದಿಕ್ಕು, ಮಾತ್ರ. ಚಕ್ರಗಳು ಮುಂದೆ 1/16ರಿಂದ 3/32 ಇಂಚು ಒಳಮುಖವಾಗಿರಬೇಕು. ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಕಿಂಗ್‌ಪಿನ್ ಹಿಂದಕ್ಕೆ ವಾಲುವುದು) 7 ಡಿಗ್ರಿ, ಕಿಂಗ್‌ಪಿನ್‌ನ ಓರೆ 8 ಡಿಗ್ರಿ, ಕ್ಯಾಂಬರ್ (ಚಕ್ರದ ಮೇಲ್ತುದಿ ವಾಲುವುದು) ಹೊರಕ್ಕೆ 1 ಡಿಗ್ರಿ. ಈ ಮೂರನ್ನೂ ತಿರುಗಿಸಿ ಸರಿಮಾಡಲು ಮೂಲ ಕಾರಿನಲ್ಲಿ ಯಾವ ಸ್ಕ್ರೂವೂ ಇಲ್ಲ. ಅದು ಕೊರತೆ ಅಂತ ನನಗೆ ಅನಿಸುವುದಿಲ್ಲ. ಅಲೈನ್‌ಮೆಂಟ್ ಅಂಗಡಿಯವರು ಒಂದು ಕಡೆ ಕ್ಯಾಂಬರ್ ತಪ್ಪಿದೆ ಅಂದರೆ, ಆ ಕಡೆ ಏನೋ ಸವೆದಿದೆ ಅಥವಾ ಬಗ್ಗಿದೆ. ಡ್ಯಾಂಪರ್ ಶಾಫ್ಟ್, ಒಳಗಿನ ರಬ್ಬರ್ ಬುಷ್, ಆರ್ಮ್, ಈ ಕ್ರಮದಲ್ಲಿ ಹುಡುಕಿ. ಎರಡೂ ಕಡೆ ಸ್ವಲ್ಪ ಬೇರೆ ಬಂದರೆ ಮೊದಲು ಕಾರಿನ ಎತ್ತರ ಅಳೆಯಿರಿ. ಎತ್ತರ ಬದಲಾದರೆ ಕ್ಯಾಂಬರೂ ಬದಲಾಗುತ್ತದೆ.

ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಎಲ್ಲ ನಟ್ಟುಗಳನ್ನು ಟಾರ್ಕ್ ವ್ರೆಂಚಲ್ಲಿ ಇನ್ನೊಮ್ಮೆ ನೋಡಿ, ಟೋ ಅಳೆಸಿ.

ಆಮೇಲೆ ಉಳಿಯುವುದು ಗ್ರೀಸ್. ಪ್ರತಿ 3000 ಮೈಲಿಗೆ, ಅಂದರೆ ಹೆಚ್ಚು ಕಡಿಮೆ 4800 ಕಿಲೋಮೀಟರ್‌ಗೆ ಒಮ್ಮೆ. ಒಂದೊಂದು ಕಡೆ ಮೂರು ನಿಪ್ಪಲ್. ವರ್ಷಕ್ಕೆ ಅಷ್ಟು ಓಡದ ಕಾರಿಗೆ ಮಳೆಗಾಲ ಮುಗಿದ ಮೇಲೆ ಒಮ್ಮೆ ತಪ್ಪದೆ ಹೊಡೆಯಿರಿ. ಚಕ್ರ ನೆಲ ಬಿಟ್ಟಿರಲಿ, ಭಾರ ಹೊತ್ತಿರುವ ಥ್ರಸ್ಟ್ ವಾಷರ್‌ಗಳ ನಡುವೆ ಗ್ರೀಸ್ ನುಗ್ಗುವುದಿಲ್ಲ. ಗನ್ ಒತ್ತುತ್ತಾ ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿ. ಕಪ್ಪು ಗ್ರೀಸ್ ಹೊರಗೆ ಬಂದು ಹಿಂದೆಯೇ ಹೊಸದು ಕಾಣಿಸಿಕೊಳ್ಳುವವರೆಗೂ ಹೊಡೆಯಿರಿ. ಕೆಳಗಿನ ನಿಪ್ಪಲ್‌ನಿಂದ ಗ್ರೀಸ್ ಒಳಗೆ ಹೋಗದೆ ಪಕ್ಕಕ್ಕೆ ಸೋರಿದರೆ, ನಿಪ್ಪಲ್ ಬಿಚ್ಚಿ ದಾರಿ ಚೊಕ್ಕಟ ಮಾಡಿ, ಹೊಸ ನಿಪ್ಪಲ್ ಹಾಕಿ ಮತ್ತೆ ಹೊಡೆಯಿರಿ. ಆ ಡಿಸ್ಟೆನ್ಸ್ ಟ್ಯೂಬಿಗೆ ಗ್ರೀಸ್ ಮುಟ್ಟಲು ಬೇರೆ ದಾರಿಯೇ ಇಲ್ಲ.